ಕಂಡದ್ದೆಲ್ಲ ಸಾಧನೆಯೇ?

ಕೆಲವು ವರ್ಷಗಳ ಹಿಂದೆ ಒಂಬತ್ತನೇ ತರಗತಿಯಲ್ಲಿ ವೃತ್ತದ ವಿಸ್ತೀರ್ಣದ ಪಾಠ ಮಾಡುತ್ತಿದ್ದೆ. ಅಂದು ಕರಿಹಲಗೆಯ ಬದಲು ಪ್ರೊಜೆಕ್ಟರ್ ಇತ್ತು. ಪರದೆಯ ಮೇಲೆ ಒಂದು ವೃತ್ತ 16 ತ್ರಿಜ್ಯಖಂಡಗಳಾಗಿ ಸೀಳಿಕೊಂಡಿತು. ಅರ್ಧದಷ್ಟು ಖಂಡಗಳು ಮೇಲ್ಮುಖವಾಗಿ, ಉಳಿದರ್ಧ ಕೆಳಮುಖವಾಗಿ, ಗರಗಸದ ಹಲ್ಲುಗಳಂತೆ ಒಂದರೊಳಗೊಂದು ಸೇರಿಕೊಂಡವು. ಖಂಡಗಳು 32 ಆದವು, 64 ಆದವು. ಕೊನೆಗೆ ಒಂದು ಆಯತ ನಿಂತಿತು. ಉದ್ದ ಪರಿಧಿಯ ಅರ್ಧ, ಅಗಲ ತ್ರಿಜ್ಯ. ಆದ್ದರಿಂದ ವಿಸ್ತೀರ್ಣ ಪೈ × ತ್ರಿಜ್ಯದ ವರ್ಗ. ಮಕ್ಕಳು ಚಪ್ಪಾಳೆ ತಟ್ಟಿದರು. ಇಷ್ಟು ಸುಲಭವಾಗಿ ಈ ಪಾಠ ಮುಗಿದದ್ದು ಅದೇ ಮೊದಲು.

ಮರುದಿನ ಒಬ್ಬ ವಿದ್ಯಾರ್ಥಿನಿ ಒಂದು ರಬ್ಬರ್ ಚೆಂಡು ಹಿಡಿದು ಬಂದಳು. ಚೆಂಡಿನ ಮೇಲೆ, ಭೂಗೋಳದ ರೇಖಾಂಶಗಳಂತೆ, ಮೇಲಿನ ತುದಿಯಿಂದ ಕೆಳಗಿನ ತುದಿಗೆ ಗೆರೆಗಳನ್ನು ಎಳೆದಿದ್ದಳು. ಮೇಲ್ಮೈಯನ್ನು ಆ ಗೆರೆಗಳಗುಂಟ ಸೀಳಿ, ಪ್ರತಿ ಸೀಳನ್ನೂ ನಡುವಿನಲ್ಲಿ ಕತ್ತರಿಸಿ, ಮೇಲಿನ ಅರ್ಧಗಳನ್ನೂ ಕೆಳಗಿನ ಅರ್ಧಗಳನ್ನೂ ಹಲ್ಲುಗಳಂತೆ ಸೇರಿಸಿದರೆ ಒಂದು ಆಯತ ಬರುತ್ತದೆ. ಅದರ ಉದ್ದ ಪೂರ್ಣ ಪರಿಧಿ, ಅಂದರೆ 2 × ಪೈ × ತ್ರಿಜ್ಯ. ಅಗಲ ಪರಿಧಿಯ ಕಾಲುಭಾಗ. ಗುಣಿಸಿದರೆ ಪೈನ ವರ್ಗ × ತ್ರಿಜ್ಯದ ವರ್ಗ. “ಸರ್, ನೀವು ತೋರಿಸಿದ ಹಾಗೇ ಮಾಡಿದ್ದೇನೆ. ಪುಸ್ತಕದಲ್ಲಿರುವ ಉತ್ತರ ಬರುತ್ತಿಲ್ಲ” ಎಂದಳು.

ಪುಸ್ತಕದ ಸೂತ್ರ 4 × ಪೈ × ತ್ರಿಜ್ಯದ ವರ್ಗ. ತ್ರಿಜ್ಯ 1 ಆದರೆ ಅದು 12.57. ಅವಳ ಉತ್ತರ 9.87. ವ್ಯತ್ಯಾಸ ಚಿಕ್ಕದಲ್ಲ.

“ಪುಸ್ತಕ ಸರಿಯಾಗಿದೆ, ನೀನೇ ಎಲ್ಲೋ ತಪ್ಪಿದ್ದೀಯ” ಎಂದೆ. ಎಲ್ಲಿ ತಪ್ಪಿದಳೆಂದು ಹೇಳಲು ಆ ಕ್ಷಣದಲ್ಲಿ ನನಗೆ ತಿಳಿಯಲಿಲ್ಲ. ಹಿಂದಿನ ದಿನ ನಾನು ತೋರಿಸಿದ ಸಾಧನೆಗೂ ಅವಳ ಸಾಧನೆಗೂ ಕಣ್ಣಿಗೆ ಕಾಣುವ ವ್ಯತ್ಯಾಸವೇ ಇರಲಿಲ್ಲ. ಹಾಗಾದರೆ ಮೊದಲನೆಯದು ಸಾಧನೆ ಎಂದು ನಾನು ಹೇಳಿದ್ದು ಯಾವ ಧೈರ್ಯದ ಮೇಲೆ?

ಗಣಿತದ ಪ್ರಮೇಯಗಳನ್ನು ಚಿತ್ರಗಳಿಂದಲೂ ಅನಿಮೇಷನ್‌ನಿಂದಲೂ ಕಲಿಸುವುದು ಈಗ ಮನೆಮಾತಾಗಿದೆ. ಅವುಗಳ ಗುಣದೋಷಗಳನ್ನು ವಿಮರ್ಶಿಸುವಾಗ ಈ ಪ್ರಶ್ನೆಯನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳೋಣ.

ಮಾತಿಲ್ಲದ ಸಾಧನೆಗಳು

ಅಮೆರಿಕದ ಗಣಿತ ಪತ್ರಿಕೆಗಳಲ್ಲಿ 1970ರ ದಶಕದಿಂದ ‘ಮಾತಿಲ್ಲದ ಸಾಧನೆ’ ಎಂಬ ಹೆಸರಿನಲ್ಲಿ ಪುಟ್ಟ ಚಿತ್ರಗಳು ಪ್ರಕಟವಾಗುತ್ತ ಬಂದಿವೆ. ರೋಜರ್ ನೆಲ್ಸನ್ ಅವುಗಳನ್ನು ಒಟ್ಟುಗೂಡಿಸಿ 1993ರಲ್ಲಿ ಪುಸ್ತಕವಾಗಿ ತಂದರು. 2000 ಮತ್ತು 2015ರಲ್ಲಿ ಇನ್ನೆರಡು ಭಾಗಗಳು ಬಂದವು. ಪುಟಕ್ಕೊಂದು ಚಿತ್ರ, ಮೇಲೊಂದು ಶೀರ್ಷಿಕೆ, ಅಲ್ಲಲ್ಲಿ ಒಂದು ಸಮೀಕರಣ. ವಿವರಣೆ ಇಲ್ಲ.

ಅಲ್ಲಿನ ಅತಿ ಸರಳ ಚಿತ್ರವೊಂದನ್ನು ನೀವು ಹುಣಸೆ ಬೀಜಗಳಿಂದಲೇ ಮಾಡಬಹುದು. ಒಂದು ಬೀಜ ಇಡಿ. ಅದರ ಪಕ್ಕಕ್ಕೂ ಮೇಲಕ್ಕೂ ಮೂಲೆಗೂ ಒಂದೊಂದು, ಅಂದರೆ ಮೂರು ಬೀಜ ಇಡಿ. 2 × 2 ಚೌಕ ಆಯಿತು. ಬಡಗಿಯ ಮೂಲೆಮಟ್ಟದ ಆಕಾರದಲ್ಲಿ ಅದರ ಹೊರಗೆ ಇನ್ನೊಂದು ಸಾಲು ಸುತ್ತಿಸಿ. ಐದು ಬೀಜ ಬೇಕಾಗುತ್ತದೆ, 3 × 3 ಚೌಕ ಸಿಗುತ್ತದೆ. 1 + 3 + 5 + 7 = 16. ಮೊದಲ ನಾಲ್ಕು ಬೆಸ ಸಂಖ್ಯೆಗಳ ಮೊತ್ತ 4ರ ವರ್ಗ.

ಇದು ಒಳ್ಳೆಯ ಚಿತ್ರ. ಏಕೆ? ನಾಲ್ಕು ಸಾಲುಗಳಿಗೆ ಮಾತ್ರ ಇದು ಸರಿ ಎಂದು ಯಾರಾದರೂ ವಾದಿಸಿದರೆ ಚಿತ್ರದಲ್ಲೇ ಉತ್ತರವಿದೆ. ಯಾವ ಚೌಕವನ್ನೇ ತೆಗೆದುಕೊಳ್ಳಿ, ಅದರ ಒಂದು ಬದಿಗೆ ಬಾಹುವಿನಷ್ಟು, ಇನ್ನೊಂದು ಬದಿಗೆ ಬಾಹುವಿನಷ್ಟು, ಮೂಲೆಗೆ ಒಂದು ಬೀಜ ಬೇಕು. ಅದು ಬಾಹುವಿನ ಎರಡರಷ್ಟಕ್ಕೆ ಒಂದು ಹೆಚ್ಚು, ಅಂದರೆ ಮುಂದಿನ ಬೆಸ ಸಂಖ್ಯೆ. ಒಂದು ಹೆಜ್ಜೆಯಿಂದ ಮುಂದಿನ ಹೆಜ್ಜೆಗೆ ಹೋಗುವ ಕಾರಣ ಚಿತ್ರದೊಳಗೇ ಇದೆ. ಪದವಿಪೂರ್ವ ತರಗತಿಯಲ್ಲಿ ಗಣಿತಾನುಮಾನ ಎಂದು ನೀವು ಕಲಿಯುವುದೂ ಇದನ್ನೇ.

ಎಲ್ಲ ಚಿತ್ರಗಳೂ ಹೀಗಿರುವುದಿಲ್ಲ. ವೃತ್ತದ ಪರಿಧಿಯ ಮೇಲೆ ಬಿಂದುಗಳನ್ನು ಗುರುತಿಸಿ, ಪ್ರತಿ ಎರಡನ್ನೂ ಜ್ಯಾಗಳಿಂದ ಸೇರಿಸಿ. ಒಳಗೆ ಒಂದೇ ಬಿಂದುವಿನಲ್ಲಿ ಮೂರು ಜ್ಯಾಗಳು ಕೂಡದಂತೆ ನೋಡಿಕೊಳ್ಳಿ. ಬಿಂದು 1, 2, 3, 4, 5 ಆದಾಗ ವೃತ್ತ 1, 2, 4, 8, 16 ಭಾಗಗಳಾಗುತ್ತದೆ. ಆರು ಬಿಂದುಗಳಿಗೆ 32 ಎಂದು ನೀವು ಹೇಳುತ್ತೀರಿ. ಎಣಿಸಿ ನೋಡಿ, 31 ಮಾತ್ರ! ಐದು ಚಿತ್ರಗಳು ಒಂದೇ ಮಾತು ಹೇಳಿದರೂ, ಒಂದು ಹೆಜ್ಜೆಯಿಂದ ಮುಂದಿನದಕ್ಕೆ ಹೋಗುವ ಕಾರಣ ಅವುಗಳಲ್ಲಿ ಇರಲಿಲ್ಲ.

ಇಂಥ ಚಿತ್ರಗಳು ಕಟ್ಟುನಿಟ್ಟಾದ ಅರ್ಥದಲ್ಲಿ ಸಾಧನೆಗಳಲ್ಲ, ಸಾಧನೆಯತ್ತ ದಾರಿ ತೋರುವ ಸೂಚನೆಗಳು ಎಂಬುದನ್ನು ನೆಲ್ಸನ್ ಅವರೂ ಒಪ್ಪುತ್ತಾರೆ. ಪುಸ್ತಕದ ಬಲವೂ ಅಲ್ಲೇ ಇದೆ. ಮಾತು ಇಲ್ಲದಿರುವುದರಿಂದ ಮಾತನ್ನು ಓದುಗನೇ ಒದಗಿಸಬೇಕಾಗುತ್ತದೆ. ಒಂದು ಪುಟದ ಮುಂದೆ ಅರ್ಧ ಗಂಟೆ ಕೂರುವವನಿಗೆ ಅದು ಚಿನ್ನ. ಪುಟ ಮಗುಚಿ ಹೋಗುವವನಿಗೆ ಬರೀ ಚಿತ್ರದ ಆಲ್ಬಂ.

ಭಾಸ್ಕರರು ‘ನೋಡು’ ಎಂದಷ್ಟೇ ಹೇಳಿದರೇ?

ಪೈಥಾಗೊರಸ್ ಪ್ರಮೇಯಕ್ಕೆ ಭಾಸ್ಕರಾಚಾರ್ಯರು ಒಂದು ಚಿತ್ರ ಬರೆದು, ‘ನೋಡು’ ಎಂಬ ಒಂದೇ ಮಾತು ಹೇಳಿ ಸುಮ್ಮನಾದರು ಎಂಬ ಕಥೆ ಹಲವು ಪುಸ್ತಕಗಳಲ್ಲಿದೆ. ನಾವೂ ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆದರೆ 12ನೆಯ ಶತಮಾನದ ಅವರ ‘ಬೀಜಗಣಿತ’ದಲ್ಲಿ ಇರುವುದು ಇದಕ್ಕಿಂತ ಹೆಚ್ಚಿನದು. ಬಾಹುಗಳು 15 ಮತ್ತು 20 ಇರುವ ಲಂಬಕೋನ ತ್ರಿಭುಜದ ವಿಕರ್ಣವೆಷ್ಟು ಎಂಬ ಪ್ರಶ್ನೆ ಅಲ್ಲಿದೆ. ಅಂಥ ನಾಲ್ಕು ತ್ರಿಭುಜಗಳನ್ನು ವಿಕರ್ಣ ಹೊರಗಿರುವಂತೆ ಸುತ್ತ ಜೋಡಿಸಿದರೆ ನಡುವೆ ಬಾಹುಗಳ ವ್ಯತ್ಯಾಸದಷ್ಟು, ಅಂದರೆ 5ರ ಬಾಹುವಿನ, ಚೌಕ ಉಳಿಯುತ್ತದೆ. ಒಂದು ತ್ರಿಭುಜದ ವಿಸ್ತೀರ್ಣ 150. ನಾಲ್ಕರದ್ದು 600. ನಡುವಿನ ಚೌಕ 25. ಒಟ್ಟು 625. ವರ್ಗಮೂಲ 25. ಚಿತ್ರದ ಜೊತೆಗೇ ಲೆಕ್ಕವೂ ಇದೆ.

ಈಗ ನಾವು ಕೇಳಬೇಕಾದ ಪ್ರಶ್ನೆ ಬೇರೆ. ಈ ಚಿತ್ರದಲ್ಲಿ ಲಂಬಕೋನ ಎಲ್ಲಿ ಬಳಕೆಯಾಯಿತು? ಹೊರಗಿನ ಆಕೃತಿಯ ಪ್ರತಿ ಮೂಲೆಯಲ್ಲಿ ಒಂದು ತ್ರಿಭುಜದ ಚಿಕ್ಕ ಲಘುಕೋನವೂ ಪಕ್ಕದ ತ್ರಿಭುಜದ ದೊಡ್ಡ ಲಘುಕೋನವೂ ಕೂಡುತ್ತವೆ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ. ಒಂದು ಕೋನ 90 ಆದ್ದರಿಂದಲೇ ಉಳಿದೆರಡರ ಮೊತ್ತ 90. ಆದ್ದರಿಂದಲೇ ಹೊರಗಿನ ಆಕೃತಿ ಚೌಕ. ಕೋನ 85 ಡಿಗ್ರಿ ಆಗಿದ್ದರೆ ಚಿತ್ರ ಮುರಿದು ಬೀಳುತ್ತದೆ. ಪ್ರಮೇಯದ ಷರತ್ತು ಎಲ್ಲಿ ಕೆಲಸ ಮಾಡಿತು ಎಂದು ತೋರಿಸಲಾಗದ ವಿದ್ಯಾರ್ಥಿ ಚಿತ್ರವನ್ನು ನೋಡಿದ್ದಾನೆ, ಸಾಧನೆಯನ್ನು ನೋಡಿಲ್ಲ.

64 ಮತ್ತು 65

“ಆದರೂ ತುಂಡುಗಳು ಸರಿಯಾಗಿ ಕೂಡುವುದು ಕಣ್ಣಿಗೇ ಕಾಣುತ್ತದಲ್ಲ?” ಎನ್ನುವಿರಾ? ಕತ್ತರಿ ತೆಗೆದುಕೊಳ್ಳಿ. 8 ಸೆಂ.ಮೀ. ಬಾಹುವಿನ ಚೌಕ ಮಾಡಿ. ಅದನ್ನು 3 × 8 ಮತ್ತು 5 × 8 ಪಟ್ಟಿಗಳಾಗಿ ಕತ್ತರಿಸಿ. ಮೊದಲನೆಯದನ್ನು ಕರ್ಣದ ಮೇಲೆ ಸೀಳಿ ಎರಡು ತ್ರಿಭುಜ ಮಾಡಿ. ಎರಡನೆಯದನ್ನು, ಸಮಾಂತರ ಬಾಹುಗಳು 3 ಮತ್ತು 5 ಇರುವ ಎರಡು ತ್ರಾಪಿಜ್ಯಗಳಾಗಿ ಸೀಳಿ. ಈ ನಾಲ್ಕು ತುಂಡುಗಳನ್ನು ಬೇರೆ ರೀತಿ ಜೋಡಿಸಿದರೆ 5 × 13ರ ಆಯತವಾಗುತ್ತದೆ. 64 ಚದರ ಸೆಂ.ಮೀ. ಕಾಗದ 65 ಆಯಿತು!

ತುಂಡುಗಳು ನಿಜವಾಗಿ ಕೂಡಿಲ್ಲ. ತ್ರಿಭುಜದ ಓರೆ 8ಕ್ಕೆ 3, ಅಂದರೆ 0.375. ತ್ರಾಪಿಜ್ಯದ ಓರೆ 5ಕ್ಕೆ 2, ಅಂದರೆ 0.4. ಅವೆರಡೂ ಸೇರಿ ಸರಳರೇಖೆ ಆಗುವುದಿಲ್ಲ. ಕರ್ಣದಗುಂಟ ಒಂದು ತೆಳ್ಳನೆಯ ಸಮಾಂತರ ಚತುರ್ಭುಜ ಬಾಯಿ ಬಿಟ್ಟುಕೊಂಡಿರುತ್ತದೆ. ಅದರ ವಿಸ್ತೀರ್ಣ ಸರಿಯಾಗಿ 1 ಚದರ ಸೆಂ.ಮೀ. ಆದರೆ ಉದ್ದ ಸುಮಾರು 14 ಸೆಂ.ಮೀ. ಆದ್ದರಿಂದ ಅಗಲ ಎಲ್ಲಿಯೂ 1.2 ಮಿ.ಮೀ. ದಾಟುವುದಿಲ್ಲ. ಕತ್ತರಿಯ ಕಚ್ಚು, ಪೆನ್ಸಿಲ್ ಗೆರೆಯ ದಪ್ಪ ಅದನ್ನು ಮುಚ್ಚಿಹಾಕುತ್ತವೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ಪರದೆಯ ಮೇಲೆ ಚಲಿಸುವ ಚಿತ್ರಗಳು

ಇದುವರೆಗೆ ನಿಂತ ಚಿತ್ರಗಳ ಮಾತಾಯಿತು. ಅನಿಮೇಷನ್‌ನಲ್ಲಿ ಇನ್ನೊಂದು ತೊಡಕಿದೆ. ನಿಂತ ಚಿತ್ರದ ಮುಂದೆ ನೀವು ಎಷ್ಟು ಹೊತ್ತಾದರೂ ಕೂರಬಹುದು. ಚಲಿಸುವ ಚಿತ್ರ ತನ್ನ ವೇಗದಲ್ಲಿ ಹೋಗುತ್ತದೆ. ಎರಡು ತುಂಡುಗಳು ಕೂಡುವ ಆ ಒಂದು ಕ್ಷಣದಲ್ಲೇ ಸಾಧನೆಯ ಜೀವ ಇರುವುದು. ಅಲ್ಲಿಯೇ ಸಂಗೀತ ಏರುತ್ತದೆ, ಬಣ್ಣ ಬದಲಾಗುತ್ತದೆ, ಚಿತ್ರ ಮುಂದೆ ಸರಿಯುತ್ತದೆ. ಅರ್ಧ ನಿಮಿಷದ ತುಣುಕುಗಳಲ್ಲಂತೂ ಪ್ರಶ್ನೆ ಕೇಳಲು ಬಿಡುವೇ ಇಲ್ಲ.

ಹಾಗೆಂದು ಅನಿಮೇಷನ್ ಬೇಡ ಎನ್ನುವುದು ಮೂರ್ಖತನ. ಅಮೆರಿಕದ ಗ್ರಾಂಟ್ ಸ್ಯಾಂಡರ್ಸನ್ 2015ರಲ್ಲಿ ಆರಂಭಿಸಿದ ‘ತ್ರೀ ಬ್ಲೂ ಒನ್ ಬ್ರೌನ್’ ಎಂಬ ಯೂಟ್ಯೂಬ್ ವಾಹಿನಿಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಚಿತ್ರಗಳನ್ನು ಬರೆಯಲು ‘ಮ್ಯಾನಿಮ್’ ಎಂಬ ತಂತ್ರಾಂಶವನ್ನು ಅವರೇ ಪೈಥಾನ್ ಭಾಷೆಯಲ್ಲಿ ರಚಿಸಿಕೊಂಡರು. ರೇಖೀಯ ಬೀಜಗಣಿತವನ್ನು ಕುರಿತ ಅವರ ಸರಣಿಯಲ್ಲಿ ಮಾತೃಕೆ ಎಂದರೆ ಸಂಖ್ಯೆಗಳ ಪಟ್ಟಿಯಲ್ಲ, ಇಡೀ ಸಮತಲವನ್ನು ಎಳೆಯುವ, ತಿರುಗಿಸುವ, ಓರೆಯಾಗಿಸುವ ಕ್ರಿಯೆ. ನಿರ್ಧಾರಕ ಎಂದರೆ ಆ ಎಳೆತದಲ್ಲಿ ವಿಸ್ತೀರ್ಣ ಎಷ್ಟು ಪಟ್ಟು ಆಯಿತು ಎಂಬ ಲೆಕ್ಕ. ಅಲ್ಲಿ ಚಲನೆಯೇ ಗಣಿತ. ಅದನ್ನು ಪುಸ್ತಕದ ಪುಟ ಅಷ್ಟು ಚೆನ್ನಾಗಿ ತೋರಿಸಲಾರದು.

ತುಂಡುಗಳನ್ನು ಜೋಡಿಸುವ ಸಾಧನೆಗಳಲ್ಲಿ ಹಾಗಲ್ಲ. ಅಲ್ಲಿ ಚಲನೆ ಕೇವಲ ಸಾಗಾಣಿಕೆ. ತುಂಡು ಹೇಗೆ ಸಾಗಿ ಬಂತು ಎಂಬುದಕ್ಕಿಂತ ಬಂದ ಮೇಲೆ ಏಕೆ ಸರಿಯಾಗಿ ಕುಳಿತಿತು ಎಂಬುದು ಮುಖ್ಯ. ಅನಿಮೇಷನ್ ಒಳ್ಳೆಯದೋ ಅಲ್ಲವೋ ಎಂದು ತೂಗುವಾಗ ಈ ವ್ಯತ್ಯಾಸವನ್ನು ಗಮನಿಸಬೇಕು.

ಸ್ಯಾಂಡರ್ಸನ್ ಅವರಿಗೆ ಇದು ತಿಳಿಯದ ಮಾತಲ್ಲ. ಚಿತ್ರಗಳಿಂದ ಸುಳ್ಳು ಹೇಳುವುದು ಹೇಗೆ ಎಂಬ ಬಗ್ಗೆಯೇ 2022ರಲ್ಲಿ ಅವರು ಒಂದು ವಿಡಿಯೊ ಮಾಡಿದರು. ಅದರಲ್ಲಿ ಮೊದಲಿಗೆ ಬರುವುದು, ಗೋಳದ ಮೇಲ್ಮೈ ಪೈನ ವರ್ಗ × ತ್ರಿಜ್ಯದ ವರ್ಗ ಎಂದು ‘ಸಾಧಿಸುವ’ ಸುಂದರ ಅನಿಮೇಷನ್. ನನ್ನ ವಿದ್ಯಾರ್ಥಿನಿಯ ಚೆಂಡನ್ನೇ ಪರದೆಯ ಮೇಲೆ ಕಂಡಂತಾಯಿತು. ಅವಳು ಬಿದ್ದದ್ದು ದಡ್ಡತನದ ಗುಂಡಿಗಲ್ಲ, ಜಾಣರನ್ನೂ ಬೀಳಿಸುವ ಗುಂಡಿಗೆ.

ನೆಲ್ಲಿಕಾಯಿಯ ಗೆರೆಗಳು

ಈಗ ಆ ಚೆಂಡಿನ ತಪ್ಪನ್ನು ಹುಡುಕೋಣ. ಅದರ ಉತ್ತರ ಭಾಸ್ಕರರಲ್ಲೇ ಇದೆ ಎಂಬುದು ನನಗೆ ತಡವಾಗಿ ತಿಳಿಯಿತು.

‘ಸಿದ್ಧಾಂತ ಶಿರೋಮಣಿ’ಯ ಗೋಲಾಧ್ಯಾಯಕ್ಕೆ ತಾವೇ ಬರೆದ ವಿವರಣೆಯಲ್ಲಿ ಅವರು ಗೋಳದ ಮೇಲ್ಮೈಯನ್ನು ನೆಲ್ಲಿಕಾಯಿಯ ಮೇಲಿನ ಗೆರೆಗಳಂತೆ ತುದಿಯಿಂದ ತುದಿಗೆ ಸೀಳುತ್ತಾರೆ. ಪರಿಧಿಯನ್ನು 96 ಭಾಗ ಮಾಡುವುದರಿಂದ 96 ಸೀಳುಗಳು. ಪ್ರತಿ ಸೀಳಿನ ನಡುವಿನ ಅಗಲ 1, ತುದಿಯಿಂದ ತುದಿಗೆ ಉದ್ದ 48. ನಮ್ಮ ವಿದ್ಯಾರ್ಥಿನಿ ಮಾಡಿದ್ದೂ ಇಲ್ಲಿಯವರೆಗೆ ಇದನ್ನೇ.

ಮುಂದೆ ದಾರಿ ಕವಲಾಗುತ್ತದೆ. ಅವಳು ಅರ್ಧ ಸೀಳನ್ನು ತ್ರಿಭುಜ ಎಂದುಕೊಂಡಳು. ಹಾಗಾದರೆ ಅರ್ಧದ ವಿಸ್ತೀರ್ಣ 12, ಪೂರ್ಣ ಸೀಳಿನದು 24. ಭಾಸ್ಕರರು ಹಾಗೆಂದುಕೊಳ್ಳಲಿಲ್ಲ. ಅರ್ಧ ಸೀಳನ್ನು ಅಡ್ಡಲಾಗಿ ಸಣ್ಣ ಸಣ್ಣ ಪಟ್ಟಿಗಳಾಗಿ ಮಾಡಿ, ಪ್ರತಿ ಎತ್ತರದಲ್ಲಿ ಅಗಲ ಎಷ್ಟು ಎಂಬುದನ್ನು ತಮ್ಮ 24 ಜ್ಯಾಗಳ ಕೋಷ್ಟಕದಿಂದ, ಅಂದರೆ ಇಂದಿನ ಸೈನ್ ಕೋಷ್ಟಕದಂಥದ್ದರಿಂದ, ಲೆಕ್ಕ ಹಾಕಿ ಕೂಡಿಸಿದರು. ಪೂರ್ಣ ಸೀಳಿಗೆ ಬಂದದ್ದು ಸುಮಾರು 30.5, ಅಂದರೆ ಗೋಳದ ವ್ಯಾಸದಷ್ಟು. ಆದ್ದರಿಂದ ಒಟ್ಟು ಮೇಲ್ಮೈ ಪರಿಧಿ × ವ್ಯಾಸ. ನಮ್ಮ ಪುಸ್ತಕದ 4 × ಪೈ × ತ್ರಿಜ್ಯದ ವರ್ಗವೂ ಅದೇ.

24 ಎಲ್ಲಿ, 30.5 ಎಲ್ಲಿ! ಸೀಳು ತ್ರಿಭುಜವಲ್ಲ ಎಂಬುದೇ ವ್ಯತ್ಯಾಸ. ಭೂಗೋಳವನ್ನು ನೆನೆಯಿರಿ. 60 ಡಿಗ್ರಿ ಅಕ್ಷಾಂಶದಲ್ಲಿ ನೀವು ಸಮಭಾಜಕದಿಂದ ಧ್ರುವದ ಮೂರನೆಯ ಎರಡು ಭಾಗ ದಾರಿ ಹೋಗಿರುತ್ತೀರಿ. ತ್ರಿಭುಜವಾಗಿದ್ದರೆ ಸೀಳಿನ ಅಗಲ ಅಲ್ಲಿ ಮೂರನೆಯ ಒಂದಕ್ಕೆ ಇಳಿದಿರಬೇಕು. ನಿಜದಲ್ಲಿ ಅದು ಅರ್ಧದಷ್ಟಿರುತ್ತದೆ. ಸೀಳಿನ ಬದಿಗಳು ಹೊರಕ್ಕೆ ಉಬ್ಬಿರುತ್ತವೆ. ಹಲ್ಲುಗಳಂತೆ ಸೇರಿಸಹೋದರೆ ಒಂದರ ಮೇಲೊಂದು ಏರುತ್ತವೆ. ಅನಿಮೇಷನ್ ಆ ಬದಿಗಳನ್ನು ಸದ್ದಿಲ್ಲದೆ ನೆಟ್ಟಗೆ ಮಾಡಿಬಿಟ್ಟಿರುತ್ತದೆ.

“ಇನ್ನೂ ತೆಳ್ಳಗೆ ಸೀಳಿದರೆ?” ಎಂದು ನೀವು ಕೇಳಬಹುದು. ಎಷ್ಟೇ ತೆಳ್ಳಗೆ ಸೀಳಿದರೂ ಸೀಳಿನ ಆಕಾರ ಅದೇ, ಅಗಲ ಮಾತ್ರ ಕಡಿಮೆ. ನೂರಕ್ಕೆ 21ಕ್ಕೂ ಹೆಚ್ಚಿನ ಕೊರತೆ ಹಾಗೆಯೇ ಉಳಿಯುತ್ತದೆ.

ಹಾಗಾದರೆ ವೃತ್ತದ ಸಾಧನೆ ಹೇಗೆ ಸರಿ? ಅಲ್ಲಿ ತ್ರಿಜ್ಯಖಂಡದ ಬದಿಗಳು ನಿಜವಾಗಿಯೂ ನೆಟ್ಟಗಿನ ತ್ರಿಜ್ಯಗಳು. ಉಬ್ಬಿರುವುದು ಹೊರಗಿನ ಕಂಸ ಮಾತ್ರ. ಖಂಡವನ್ನು ತ್ರಿಭುಜ ಎಂದುಕೊಂಡರೆ 8 ಖಂಡಗಳಲ್ಲಿ ಕೊರತೆ ನೂರಕ್ಕೆ ಸುಮಾರು 10. 16ರಲ್ಲಿ 2.5. 32ರಲ್ಲಿ 0.64. ಖಂಡಗಳನ್ನು ಇಮ್ಮಡಿಸಿದಾಗಲೆಲ್ಲ ಕೊರತೆ ಸುಮಾರು ಕಾಲುಭಾಗಕ್ಕೆ ಇಳಿಯುತ್ತ ಸೊನ್ನೆಯತ್ತ ಸಾಗುತ್ತದೆ. ವೃತ್ತದ ಸಾಧನೆಯ ಜೀವ ಈ ಇಳಿಕೆಯಲ್ಲಿದೆ. ‘ಲೀಲಾವತಿ’ಗೆ ಗಣೇಶ ದೈವಜ್ಞರು 1545ರಲ್ಲಿ ಬರೆದ ‘ಬುದ್ಧಿವಿಲಾಸಿನೀ’ ವ್ಯಾಖ್ಯಾನದಲ್ಲೂ ವೃತ್ತವನ್ನು ಹೀಗೆ ಸೀಳಿ ಸೇರಿಸುವ ವಿವರಣೆ ಇದೆ. ಪರದೆ ಹೊಸದು, ಚಿತ್ರ ಹಳೆಯದು. ಆದರೆ ನಾನು ಅಂದು ತರಗತಿಯಲ್ಲಿ ತೋರಿಸಿದ್ದು ಚಿತ್ರವನ್ನು ಮಾತ್ರ. ಕೊರತೆ ಇಳಿಯುತ್ತದೆ ಎಂಬ ಮಾತನ್ನು ನಾನು ಆಡಿಯೇ ಇರಲಿಲ್ಲ.

ಎಳೆದು ನೋಡುವ ಚಿತ್ರಗಳು

ಮೂರನೆಯ ಬಗೆಯ ಸಾಧನ ‘ಜಿಯೋಜಿಬ್ರಾ’. ಮಾರ್ಕಸ್ ಹೋಹೆನ್‌ವಾರ್ಟರ್ ಆಸ್ಟ್ರಿಯದ ಸಾಲ್ಜ್‌ಬರ್ಗ್‌ನಲ್ಲಿ 2001ರಲ್ಲಿ ಆರಂಭಿಸಿದ ತಂತ್ರಾಂಶ ಇದು. ಶಾಲೆಗಳು ಹಣ ಕೊಡದೆ ಬಳಸಬಹುದು. ಇದರಲ್ಲಿ ಚಿತ್ರ ತಾನಾಗಿ ಓಡುವುದಿಲ್ಲ, ವಿದ್ಯಾರ್ಥಿಯೇ ಬಿಂದುಗಳನ್ನು ಹಿಡಿದು ಎಳೆಯಬೇಕು. ನನ್ನ ಅನುಭವದಲ್ಲಿ ವಿಡಿಯೊಗಿಂತ ಇದು ಮೇಲು.

ಆದರೆ ಇದನ್ನೂ ಉಲ್ಟಾ ಬಳಸುವುದೇ ಹೆಚ್ಚು. ಅರ್ಧವೃತ್ತದಲ್ಲಿ ಕೋನ ಮಾಡಿ, ಬಿಂದುವನ್ನು ಅತ್ತಿತ್ತ ಎಳೆದು, ಪ್ರತಿ ಸಲವೂ 90 ಡಿಗ್ರಿ ಎಂದು ಬರುವುದನ್ನು ತೋರಿಸಿ, “ಸಾಧಿಸಿದಂತಾಯಿತು” ಎನ್ನುತ್ತೇವೆ. ಹತ್ತು ಸಲ ಎಳೆದರೂ ಸಿಗುವುದು ಹತ್ತು ಉದಾಹರಣೆಗಳು. ಪರದೆಯ ಮೇಲಿನ 90 ಕೂಡ ಎರಡು ದಶಮಾಂಶ ಸ್ಥಾನಗಳಿಗೆ ಸರಿಗೊಳಿಸಿದ ಸಂಖ್ಯೆ. 64 ಮತ್ತು 65ರ ಕಥೆಯನ್ನು ಮರೆಯಬೇಡಿ.

ಜಿಯೋಜಿಬ್ರಾದ ಸರಿಯಾದ ಬಳಕೆ ಚಿತ್ರವನ್ನು ಮುರಿಯಲು. ಬಿಂದುವನ್ನು ಅರ್ಧವೃತ್ತದಿಂದ ಹೊರಕ್ಕೆ ಎಳೆಯಿರಿ, ಕೋನ ಕಿರಿದಾಗುತ್ತದೆ. ಒಳಕ್ಕೆ ಎಳೆಯಿರಿ, ಹಿರಿದಾಗುತ್ತದೆ. ಹಾಗಾದರೆ ವೃತ್ತದ ಮೇಲೆಯೇ ಇರುವಾಗ ಏನು ವಿಶೇಷ? ಬಿಂದುವಿನಿಂದ ಕೇಂದ್ರಕ್ಕೆ ಗೆರೆ ಎಳೆದರೆ ಎರಡು ಸಮದ್ವಿಬಾಹು ತ್ರಿಭುಜಗಳು ಎದ್ದು ಬರುತ್ತವೆ. ಸಾಧನೆ ಅಲ್ಲಿಂದ ಎರಡು ಸಾಲಿನ ಕೆಲಸ. ಷರತ್ತನ್ನು ತೆಗೆದರೆ ಏನು ಕೆಡುತ್ತದೆ ಎಂದು ಕಂಡವನಿಗೆ ಷರತ್ತು ಏಕೆ ಬೇಕೆಂದು ತಿಳಿಯುತ್ತದೆ.

ಮೂರು ಪ್ರಶ್ನೆಗಳು

ಶಿಕ್ಷಕ ಮಿತ್ರರೇ, ಚಿತ್ರವಾಗಲಿ ಅನಿಮೇಷನ್ ಆಗಲಿ, ತೋರಿಸಿದ ಮೇಲೆ ಮೂರು ಪ್ರಶ್ನೆಗಳನ್ನು ಕೇಳಿ.

1. ತುಂಡುಗಳು ಸರಿಯಾಗಿ ಕೂಡಿದವು ಎಂದು ಹೇಗೆ ಗೊತ್ತು? ಕಣ್ಣಿಗೆ ಕಂಡಿತು ಎನ್ನುವುದನ್ನು ಬಿಟ್ಟು ಬೇರೆ ಕಾರಣ ಹೇಳಿ.

2. ಪ್ರಮೇಯದ ಷರತ್ತು ಚಿತ್ರದಲ್ಲಿ ಎಲ್ಲಿ ಬಳಕೆಯಾಯಿತು?

3. ಈ ಒಂದು ಚಿತ್ರದಿಂದ ಎಲ್ಲ ಸಂದರ್ಭಗಳಿಗೂ ಹೋಗುವುದು ಹೇಗೆ? ‘ಸೀಳುತ್ತಾ ಹೋದರೆ’ ಎಂಬ ಮಾತು ಬಂದರೆ, ಸೀಳಿದಷ್ಟೂ ತಪ್ಪು ಕಡಿಮೆಯಾಗುತ್ತದೆಯೇ?

ಅನಿಮೇಷನ್ ಅನ್ನು ಕೂಡುವ ಕ್ಷಣದಲ್ಲಿ ನಿಲ್ಲಿಸಿ ಈ ಪ್ರಶ್ನೆಗಳನ್ನು ಹಾಕಿದರೆ ಐದು ನಿಮಿಷದ ಪಾಠ ನಲವತ್ತು ನಿಮಿಷ ಹಿಡಿಯುತ್ತದೆ. ಪಠ್ಯ ಮುಗಿಸುವ ಒತ್ತಡದಲ್ಲಿ ಅದು ಕಷ್ಟ, ನಿಜ. ಆದರೆ ಆ ಸಮಯ ಉಳಿಸಿ ನಾನು ಗಳಿಸಿದ್ದೇನು? ಒಬ್ಬ ವಿದ್ಯಾರ್ಥಿನಿ ನಾನು ಕಲಿಸಿದ ರೀತಿಯಲ್ಲೇ ಯೋಚಿಸಿ ಬಂದಾಗ, ಅವಳಿಗೆ ಕೊಡಲು ‘ಪುಸ್ತಕ ಸರಿ’ ಎಂಬ ಮಾತು ಬಿಟ್ಟು ಬೇರೇನೂ ನನ್ನ ಬಳಿ ಇರಲಿಲ್ಲ. ಯಾರ ಮಾತನ್ನೂ ಸುಮ್ಮನೆ ನಂಬಬೇಕಾಗಿಲ್ಲ ಎಂಬುದೇ ಗಣಿತದ ಹಿರಿಮೆ. ಅಂದು ಅವಳು ಕಲಿತದ್ದು ಅದರ ವಿರುದ್ಧವನ್ನು.

ವಿದ್ಯಾರ್ಥಿಗಳೇ, ಒಂದು ಕಿತ್ತಳೆ ಹಣ್ಣಿನ ಸಿಪ್ಪೆಯನ್ನು ತುದಿಯಿಂದ ತುದಿಗೆ ಎಂಟು ಸೀಳು ಮಾಡಿ ಸುಲಿಯಿರಿ. ಪ್ರತಿ ಸೀಳನ್ನೂ ನಡುವಿನಲ್ಲಿ ಕತ್ತರಿಸಿ, ಗೆರೆ ಕಾಗದದ ಮೇಲೆ ಒತ್ತಿ, ಅಂಚುಗಳನ್ನು ಪೆನ್ಸಿಲ್‌ನಲ್ಲಿ ಗುರುತಿಸಿ. ಬಳಿಕ ಸ್ಕೇಲ್ ಇಟ್ಟು ಆ ಬದಿಗಳು ನೆಟ್ಟಗಿವೆಯೇ ಎಂದು ಪರೀಕ್ಷಿಸಿ. ಅಂದು ನಾನು ಆ ಹುಡುಗಿಗೆ ಹೇಳಬೇಕಾಗಿದ್ದ ಮಾತು ಇಷ್ಟೇ.